‘ಆಟಿಸಂ ಇದೆಯಲ್ಲ, ಅದಕ್ಕೇ’ ಎನ್ನುವ ಮುನ್ನ

ದಸರಾ ರಜೆ ಮುಗಿದಿದೆ. ಒಂಬತ್ತು ವರ್ಷದ ಹುಡುಗ ಶಾಲೆಗೆ ಹೋಗಲು ಸುತರಾಂ ಒಪ್ಪುತ್ತಿಲ್ಲ. ಯೂನಿಫಾರ್ಮ್ ಕಂಡರೆ ಅಳು, ವ್ಯಾನಿನ ಹಾರ್ನ್ ಕೇಳಿದರೆ ಮಂಚದ ಕೆಳಗೆ ನುಸುಳುತ್ತಾನೆ. ರಾತ್ರಿ ಎರಡು ಗಂಟೆಯಾದರೂ ನಿದ್ದೆಯಿಲ್ಲ. ಮುಂಗೈ ಕಚ್ಚಿಕೊಳ್ಳುವುದು ಹೊಸದಾಗಿ ಶುರುವಾಗಿದೆ. ಹೆತ್ತವರು ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ‘ಆಟಿಸಂ ಇದೆಯಲ್ಲ, ಅದಕ್ಕೇ ಹಾಗೆ ಮಾಡ್ತಾನೆ.’ ಶಾಲೆಯಲ್ಲಿ ಹಾಗೆನ್ನುತ್ತಾರೆ, ನೆಂಟರಿಷ್ಟರು ಹಾಗೆನ್ನುತ್ತಾರೆ, ಎಷ್ಟೋ ಸಲ ವೈದ್ಯರೂ ಹಾಗೇ ಅಂದು ಕಳಿಸುತ್ತಾರೆ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಆಟಿಸಂ ಇರುವ ಮಕ್ಕಳ ತಂದೆತಾಯಂದಿರು ನಾಲ್ಕು ಜನ ಸೇರಿದ ಕಡೆಯೆಲ್ಲ ಇಂಥ ಮಾತು ಬರುತ್ತದೆ.

ಆ ಉತ್ತರ ಸುಲಭವಾದದ್ದು, ಆದರೆ ತಪ್ಪು. ಆಟಿಸಂ ಎನ್ನುವುದು ಮಿದುಳು ಬೆಳೆಯುವ ಬಗೆಯಲ್ಲೇ ಇರುವ ಭಿನ್ನತೆ. ಅದರ ಗುರುತುಗಳು ಬಾಲ್ಯದ ಮೊದಲ ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತವೆ. ಹುಡುಗನಿಗೆ ಜೂನ್‌ನಲ್ಲೂ ಆಟಿಸಂ ಇತ್ತು, ಆಗ ವ್ಯಾನು ಹತ್ತಿ ಹೋಗುತ್ತಿದ್ದ. ಅಕ್ಟೋಬರ್‌ನಲ್ಲಿ ಶುರುವಾದದ್ದಕ್ಕೆ ಕಾರಣವನ್ನು ಅಕ್ಟೋಬರ್‌ನ ಆಸುಪಾಸಿನಲ್ಲೇ ಹುಡುಕಬೇಕು. ಹಾಗೆ ಹುಡುಕಿದಾಗ ಬಹಳ ಸಲ ಸಿಗುವುದು ಆತಂಕದ ಕಾಯಿಲೆ, ಖಿನ್ನತೆ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ), ಗೀಳು ಅಥವಾ ಮಗು ಬಾಯಿಬಿಟ್ಟು ಹೇಳಲಾರದ ಒಂದು ದೈಹಿಕ ನೋವು. ಇವೆಲ್ಲಕ್ಕೂ ಪರಿಹಾರದ ದಾರಿಗಳಿವೆ. ‘ಅದಕ್ಕೇ’ ಎಂಬ ಒಂದು ಮಾತು ಆ ದಾರಿಗಳನ್ನೆಲ್ಲ ಮುಚ್ಚಿಬಿಡುತ್ತದೆ.

ಎಲ್ಲವನ್ನೂ ಆಟಿಸಂನ ಲೆಕ್ಕಕ್ಕೆ ಹಾಕುವ ಈ ರೂಢಿ ಇಂದಿನದಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದಲೇ ಆಟಿಸಂನ ವೈದ್ಯಕೀಯ ಚರಿತ್ರೆ ಹೊರಡುತ್ತದೆ. ಆ ಲೇಖನದಲ್ಲೇ ಭಯದ ಪ್ರಸ್ತಾಪ ಧಾರಾಳವಾಗಿದೆ. ಲಿಫ್ಟ್, ವ್ಯಾಕ್ಯೂಮ್ ಕ್ಲೀನರ್, ನಲ್ಲಿಯಿಂದ ಸುರಿಯುವ ನೀರು, ಮೊಟ್ಟೆ ಕಡೆಯುವ ಯಂತ್ರ, ಕೊನೆಗೆ ಬೀಸುವ ಗಾಳಿಯೂ ಆ ಮಕ್ಕಳನ್ನು ತಲ್ಲಣಗೊಳಿಸುತ್ತಿತ್ತೆಂದು ಕ್ಯಾನರ್ ದಾಖಲಿಸಿದ್ದಾರೆ. ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಹಟದ ಹಿಂದೆ ಆತಂಕವಿದೆ ಎಂಬುದನ್ನೂ ಅವರು ಗುರುತಿಸಿದ್ದರು. ಆದರೆ ಮುಂದಿನ ದಶಕಗಳಲ್ಲಿ ಆ ಭಯವನ್ನು ಆಟಿಸಂನದೇ ಒಂದು ಭಾಗವೆಂದು ಎಣಿಸಿದ್ದರಿಂದ, ಅದಕ್ಕೆ ಬೇರೆ ಚಿಕಿತ್ಸೆ ಬೇಕು ಎಂಬ ಯೋಚನೆ ಬಹುಕಾಲ ಬಲಿಯಲೇ ಇಲ್ಲ.

ನಿಯಮಗಳೂ ಅಡ್ಡ ನಿಂತವು. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಪ್ರಕಾರ ಆಟಿಸಂ ಇರುವ ಮಗುವಿಗೆ ಎಡಿಎಚ್‌ಡಿ ಇದೆ ಎಂದು ಬರೆಯುವಂತೆಯೇ ಇರಲಿಲ್ಲ. ಮಗು ಎಷ್ಟೇ ಚಂಚಲವಾಗಿರಲಿ, ಅದು ಆಟಿಸಂನ ಲೆಕ್ಕಕ್ಕೇ ಹೋಗಬೇಕು. 2013ರಲ್ಲಿ ಬಂದ ಐದನೆಯ ಆವೃತ್ತಿ ಆ ಕಟ್ಟುಪಾಡನ್ನು ಸಡಿಲಿಸಿತು. ಅಂದರೆ ಸುಮಾರು ಎರಡು ದಶಕಗಳ ಕಾಲ ಕಣ್ಣಿಗೆ ಕಂಡದ್ದನ್ನು ಕಾಗದದ ಮೇಲೆ ಬರೆಯಲು ವೈದ್ಯರಿಗೇ ಅವಕಾಶವಿರಲಿಲ್ಲ. ಆ ಕಾಲದಲ್ಲಿ ಓದಿ ಬಂದವರು ಇಂದಿಗೂ ವೃತ್ತಿಯಲ್ಲಿದ್ದಾರೆ. ಹಳೆಯ ಅಭ್ಯಾಸ ಬಿಡುವುದು ನಿಧಾನ.

ಈಗ ಅಂಕಿಅಂಶಗಳು ಏನು ಹೇಳುತ್ತವೆ? ಎಮಿಲಿ ಸೈಮನಾಫ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ, ಆಟಿಸಂ ಇರುವ 112 ಮಕ್ಕಳನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. ನೂರಕ್ಕೆ 70 ಮಕ್ಕಳಲ್ಲಿ ಕನಿಷ್ಠ ಒಂದು ಮಾನಸಿಕ ತೊಂದರೆ ಜೊತೆಗಿತ್ತು, 41 ಮಕ್ಕಳಲ್ಲಿ ಎರಡು ಅಥವಾ ಹೆಚ್ಚು. ಹೆಚ್ಚಾಗಿ ಕಂಡದ್ದು ಸಾಮಾಜಿಕ ಆತಂಕ, ಎಡಿಎಚ್‌ಡಿ ಮತ್ತು ಸದಾ ಎದುರುಬೀಳುವ ನಡವಳಿಕೆ. 2019ರಲ್ಲಿ ಮೆಂಗ್-ಚುವಾನ್ ಲಾಯ್ ಮತ್ತಿತರರು ಇಂಥ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ, ಎಲ್ಲ ವಯಸ್ಸಿನವರನ್ನೂ ಸೇರಿಸಿ ಲೆಕ್ಕ ಹಾಕಿದರು: ಎಡಿಎಚ್‌ಡಿ ಶೇ 28, ಆತಂಕದ ಕಾಯಿಲೆಗಳು ಶೇ 20, ಖಿನ್ನತೆ ಶೇ 11, ಗೀಳು ಶೇ 9. ಯಾರನ್ನು, ಎಲ್ಲಿ, ಯಾವ ಪ್ರಶ್ನಾವಳಿಯಿಂದ ಕೇಳಿದರು ಎಂಬುದರ ಮೇಲೆ ಸಂಖ್ಯೆ ಏರಿಳಿಯುತ್ತದೆ. ಯಾವ ಲೆಕ್ಕ ಹಿಡಿದರೂ ಇದು ಅಪರೂಪದ ಸಂಗತಿಯಲ್ಲ.

ಆತಂಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅನೇಕ ಮಕ್ಕಳು ನರಳುವುದು ಅದರಿಂದ, ಹೆಚ್ಚು ಜನ ತಪ್ಪು ತಿಳಿಯುವುದೂ ಅದನ್ನೇ. ‘ನನಗೆ ಭಯವಾಗುತ್ತಿದೆ’ ಎಂದು ಮಗು ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ತಮ್ಮೊಳಗೆ ಏಳುವ ಭಾವ ಯಾವುದೆಂದು ಗುರುತಿಸುವುದೇ ಕಷ್ಟ. ಹೊಟ್ಟೆ ತೊಳಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅದು ಹಸಿವೋ ಭಯವೋ ಸಿಟ್ಟೋ ತಿಳಿಯುವುದಿಲ್ಲ. ಹಾಗಾಗಿ ಭಯ ಬೇರೆ ರೂಪದಲ್ಲಿ ಹೊರಬರುತ್ತದೆ. ‘ಅಪ್ಪ ಎಷ್ಟು ಗಂಟೆಗೆ ಬರ್ತಾರೆ?’ ಎಂದು ಸಂಜೆಯೆಲ್ಲ ಕೇಳಿದ್ದನ್ನೇ ಕೇಳುವುದು. ಉಣ್ಣುವ ತಟ್ಟೆ ಬದಲಾದರೆ ಅದನ್ನು ಎಸೆಯುವುದು. ಮನೆಯಿಂದ ಓಡಿಹೋಗುವುದು. ತಲೆ ಗೋಡೆಗೆ ಚಚ್ಚಿಕೊಳ್ಳುವುದು. ನೋಡುವವರ ಕಣ್ಣಿಗೆ ಇದು ಹಟ, ಮೊಂಡುತನ, ‘ಬಿಹೇವಿಯರ್ ಪ್ರಾಬ್ಲಂ’. ಥೆರಪಿ ಕೇಂದ್ರಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಆ ಮಾತಿನ ಹಿಂದೆ ಎಷ್ಟು ಭಯ ಅಡಗಿದೆಯೋ ಎಂದು ನನಗೆ ಸದಾ ಅನ್ನಿಸುತ್ತದೆ.

ಈ ಮಕ್ಕಳಿಗೆ ಭಯ ಹೆಚ್ಚಾಗಲು ಕಾರಣಗಳೂ ಇವೆ. ನಮಗೆ ಕಿವಿಯ ಮೇಲೆ ಬಿದ್ದೂ ಬೀಳದಂತಿರುವ ಕುಕ್ಕರಿನ ಸೀಟಿ, ಮಿಕ್ಸಿಯ ಗರಗರ, ಗಣೇಶನ ಮೆರವಣಿಗೆಯ ತಮಟೆ ಅವರಲ್ಲಿ ಅನೇಕರಿಗೆ ಮೈಗೆ ಹೊಡೆದಂತೆ. ಅದು ಯಾವ ಕ್ಷಣ ಬರುತ್ತದೋ ಗೊತ್ತಿಲ್ಲ ಎಂಬುದು ಇನ್ನೂ ದೊಡ್ಡ ಹಿಂಸೆ. ದೀಪಾವಳಿಯ ಹದಿನೈದು ದಿನ ಮುಂಚೆಯೇ ಮನೆಯಿಂದ ಹೊರಬರಲು ಒಪ್ಪದ ಮಕ್ಕಳಿದ್ದಾರೆ. ಮೊದಲ ಪಟಾಕಿ ಇನ್ನೂ ಸಿಡಿದಿರುವುದಿಲ್ಲ, ಕಾಯುವುದೇ ಅವರನ್ನು ದಣಿಸಿರುತ್ತದೆ. ಅನಿಶ್ಚಿತತೆಯನ್ನು ತಾಳಿಕೊಳ್ಳಲಾಗದಿರುವುದೇ ಈ ಮಕ್ಕಳ ಆತಂಕದ ಮುಖ್ಯ ಎಳೆಗಳಲ್ಲೊಂದು ಎನ್ನುತ್ತಾರೆ ಸಂಶೋಧಕರು. ಎದುರಿರುವವರ ಮುಖ ನೋಡಿ ಮನಸ್ಸು ಊಹಿಸುವುದು ಕಷ್ಟವಾದಾಗ ತರಗತಿಯೇ ಅನಿಶ್ಚಿತತೆಯ ಮಡು. ಪಿ.ಟಿ. ಮೇಷ್ಟ್ರು ಬದಲಾದರು, ವ್ಯಾನಿನ ದಾರಿ ಬದಲಾಯಿತು, ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಬೇರೆ ಸೆಕ್ಷನ್‌ಗೆ ಹೋದ. ದಸರಾ ರಜೆಯ ಆಚೀಚೆ ಇವುಗಳಲ್ಲಿ ಯಾವುದಾದರೂ ಆಗಿದೆಯೇ ಎಂದು ಶಾಲೆಯನ್ನು ಕೇಳಿದರೆ ಎಷ್ಟೋ ಒಗಟುಗಳು ಅಲ್ಲೇ ಬಿಡಿಸಿಕೊಳ್ಳುತ್ತವೆ. ಯಾರೋ ಚುಡಾಯಿಸುತ್ತಿದ್ದಾರೆಯೇ, ಹೊಡೆಯುತ್ತಿದ್ದಾರೆಯೇ ಎಂಬುದನ್ನೂ ಕೇಳಲೇಬೇಕು. ಆಟಿಸಂ ಇರುವ ಮಕ್ಕಳು ಉಳಿದವರಿಗಿಂತ ಹೆಚ್ಚು ಕೀಟಲೆಗೆ, ದೌರ್ಜನ್ಯಕ್ಕೆ ಗುರಿಯಾಗುತ್ತಾರೆ, ಆದದ್ದನ್ನು ಮನೆಗೆ ಬಂದು ಹೇಳುವುದು ಕಡಿಮೆ.

ಆಟಿಸಂಗೆ ಸಹಜವಾದದ್ದು ಯಾವುದು, ಗೀಳಿನ ಕಾಯಿಲೆ ಯಾವುದು ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಆಟದ ಕಾರುಗಳನ್ನು ಸಾಲಾಗಿ ಜೋಡಿಸುವ ಮಗುವಿನ ಮುಖ ನೋಡಿ. ಅಲ್ಲಿ ನೆಮ್ಮದಿಯಿರುತ್ತದೆ, ಖುಷಿಯಿರುತ್ತದೆ. ಅದನ್ನು ತಡೆಯುವ ಅಗತ್ಯವೇ ಇಲ್ಲ. ಅದೇ ಮಗು ಹನ್ನೊಂದನೆಯ ವಯಸ್ಸಿನಲ್ಲಿ ಬಾಗಿಲಿನ ಚಿಲಕವನ್ನು ಅಳುತ್ತಾ ಇಪ್ಪತ್ತು ಸಲ ಮುಟ್ಟಿ ನೋಡುತ್ತಿದ್ದರೆ, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದೆ ಬಳಲುತ್ತಿದ್ದರೆ, ಅದು ಬೇರೆ ಸಂಗತಿ. ಎರಡನ್ನೂ ‘ಮಾಡಿದ್ದನ್ನೇ ಮಾಡುವುದು’ ಎಂದು ಒಂದೇ ಕಡತಕ್ಕೆ ಸೇರಿಸಿದರೆ ಮಗುವಿನ ಸಂತೋಷವನ್ನು ಕಸಿದುಕೊಂಡು ಸಂಕಟವನ್ನು ಅಲ್ಲೇ ಬಿಟ್ಟಂತಾಗುತ್ತದೆ.

ಖಿನ್ನತೆ ಸಾಮಾನ್ಯವಾಗಿ ಹದಿಹರೆಯದ ಹೊತ್ತಿಗೆ ಕಾಣುತ್ತದೆ. ಮಾತು ಚೆನ್ನಾಗಿರುವ, ಮಾಮೂಲು ಶಾಲೆಯಲ್ಲಿ ಓದುವ ಮಕ್ಕಳಲ್ಲಿ ಇದು ಹೆಚ್ಚು ಗಮನಕ್ಕೆ ಬರುತ್ತದೆ. ತಾನು ಉಳಿದವರಂತಿಲ್ಲ, ತನ್ನನ್ನು ಯಾರೂ ಆಟಕ್ಕೆ ಕರೆಯುವುದಿಲ್ಲ ಎಂಬುದು ಅವರಿಗೆ ತಿಳಿಯತೊಡಗಿರುತ್ತದೆ. ಹೆಣ್ಣುಮಕ್ಕಳಲ್ಲಿ ಒಂದು ವಿಶೇಷವಿದೆ. ಗೆಳತಿಯರ ನಗು, ಮಾತು, ಕೈಸನ್ನೆ ನೋಡಿ ಕಲಿತು, ದಿನವಿಡೀ ‘ಎಲ್ಲರಂತೆ’ ನಟಿಸಿ, ಮನೆಗೆ ಬಂದು ಕುಸಿದುಬೀಳುವವರಿದ್ದಾರೆ. ಶಾಲೆಯವರು ‘ಇಲ್ಲಿ ತುಂಬಾ ಒಳ್ಳೆ ಹುಡುಗಿ’ ಎನ್ನುತ್ತಾರೆ, ತಾಯಿಯ ಮಾತನ್ನು ಯಾರೂ ನಂಬುವುದಿಲ್ಲ. ಎಷ್ಟೋ ಹುಡುಗಿಯರಿಗೆ ಆತಂಕವೋ ಖಿನ್ನತೆಯೋ ಮೊದಲು ಪತ್ತೆಯಾಗಿ, ಅದರ ಕೆಳಗಿದ್ದ ಆಟಿಸಂ ವರ್ಷಗಳ ನಂತರ ಗೊತ್ತಾಗುತ್ತದೆ.

ಖಿನ್ನತೆಯನ್ನು ಗುರುತಿಸುವುದು ಹೇಗೆ? ಮುಖ ಸಪ್ಪೆಯಾಗಿದೆ, ಜನರ ಜೊತೆ ಬೆರೆಯುತ್ತಿಲ್ಲ ಎಂಬ ಮಾಮೂಲಿ ಗುರುತುಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಮೊದಲಿಂದಲೂ ಮಗು ಹಾಗೇ ಇದ್ದಿರಬಹುದು. ನೋಡಬೇಕಾದದ್ದು ಮಗುವಿನ ಇಷ್ಟದ ವಿಷಯವನ್ನು. ಕೆ.ಎಸ್.ಆರ್.ಟಿ.ಸಿ. ಬಸ್ಸುಗಳ ಹೊತ್ತು, ಮಾರ್ಗ ಎಲ್ಲವನ್ನೂ ಬಾಯಿಪಾಠ ಒಪ್ಪಿಸುತ್ತಿದ್ದ ಹುಡುಗ ಹೊಸ ಬಸ್ಸು ಬಂದರೂ ತಿರುಗಿ ನೋಡುವುದಿಲ್ಲ ಎಂದರೆ, ಅದು ಗಂಭೀರವಾದ ಸೂಚನೆ. ಮನೆಯವರು ‘ಸದ್ಯ, ಆ ಹುಚ್ಚು ಬಿಡ್ತು’ ಎಂದು ಸಮಾಧಾನಪಟ್ಟುಕೊಳ್ಳುವ ಅಪಾಯವಿದೆ. ‘ನಾನು ಸತ್ತರೆ ಚೆನ್ನಾಗಿರುತ್ತೆ’ ಎಂಬ ಮಾತನ್ನು, ಅದು ಎಷ್ಟೇ ಏರಿಳಿತವಿಲ್ಲದ ದನಿಯಲ್ಲಿ ಬಂದರೂ, ಟಿ.ವಿ.ಯಲ್ಲಿ ಕೇಳಿ ಆಡಿದ್ದೆಂದು ತಳ್ಳಿಹಾಕಬಾರದು. ಆಟಿಸಂ ಇರುವವರಲ್ಲಿ ಆತ್ಮಹತ್ಯೆಯ ಯೋಚನೆ ಉಳಿದವರಿಗಿಂತ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅದೇ ದಿನ ಯಾರೊಂದಿಗಾದರೂ ಮಾತಾಡಬೇಕು. ಸರ್ಕಾರದ ಟೆಲಿಮನಸ್ ಸಹಾಯವಾಣಿ 14416 ಕನ್ನಡದಲ್ಲೂ, ಹಗಲುರಾತ್ರಿಯೂ ಸಿಗುತ್ತದೆ.

ಎಡಿಎಚ್‌ಡಿ ಬಗ್ಗೆ ಇಷ್ಟು ಸಾಕು: ಅದಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಔಷಧಿ ಆಟಿಸಂ ಇರುವ ಮಕ್ಕಳಲ್ಲೂ ಫಲ ಕೊಡುತ್ತದೆ. ಅಮೆರಿಕದಲ್ಲಿ 72 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಅದು ನೆರವಾಯಿತು. ಆದರೆ ಕಿರಿಕಿರಿಯಂಥ ಅಡ್ಡಪರಿಣಾಮಗಳಿಂದಾಗಿ ಶೇ 18ರಷ್ಟು ಮಕ್ಕಳು ಬಿಡಬೇಕಾಯಿತು. ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುವ ವೈದ್ಯರ ಕೈಯಲ್ಲಿ ಅದು ಒಳ್ಳೆಯ ಔಷಧಿ.

ಮಾತೇ ಬಾರದ ಮಕ್ಕಳ ಪಾಡು ಇನ್ನೂ ಕಠಿಣ. ಅಲ್ಲಿ ಮನಸ್ಸಿಗಿಂತ ಮೊದಲು ದೇಹವನ್ನು ನೋಡಬೇಕು. ಹುಳುಕು ಹಲ್ಲು, ಕಿವಿಯ ಸೋಂಕು, ಮಲಬದ್ಧತೆ, ಹುಳಿತೇಗು, ಮುಟ್ಟಿನ ಹೊಟ್ಟೆನೋವು. ದವಡೆಗೆ ಗುದ್ದಿಕೊಳ್ಳುವ ಮಗುವಿನ ಬಾಯೊಳಗೆ ಟಾರ್ಚ್ ಬಿಟ್ಟು ನೋಡದೆಯೇ ಮಂಪರು ತರುವ ಮಾತ್ರೆ ಬರೆಯುವುದು ಅನ್ಯಾಯ. ಆಟಿಸಂ ಇರುವ ಮಕ್ಕಳಲ್ಲಿ ಮೂರ್ಛೆರೋಗವೂ ಹೆಚ್ಚು. ಕೈಕಾಲು ಅದುರದೆ, ಕೆಲವು ಕ್ಷಣ ಮಂಕಾಗಿ ನಿಂತುಬಿಡುವುದೂ ಮೂರ್ಛೆಯೇ ಇರಬಹುದು. ಇನ್ನೊಂದು ಸಂಗತಿ ಹದಿಹರೆಯದವರದು: ಚುರುಕಾಗಿದ್ದ ಹುಡುಗ ಕ್ರಮೇಣ ನಿಧಾನವಾಗುತ್ತಾನೆ, ಹೊಸ್ತಿಲ ಬಳಿ ಕಾಲೆತ್ತಿ ಹಾಗೇ ನಿಲ್ಲುತ್ತಾನೆ, ತುತ್ತು ಕೈಯಲ್ಲೇ ಉಳಿಯುತ್ತದೆ. ಇದಕ್ಕೆ ಕೆಟಟೋನಿಯಾ ಎನ್ನುತ್ತಾರೆ. ಸೋಮಾರಿತನವೆಂದು ಬೈಸಿಕೊಳ್ಳುವ ಈ ಸ್ಥಿತಿಗೆ ಲೊರಾಜೆಪಾಮ್‌ನಂಥ ಔಷಧಿಯಿಂದ ಉಪಶಮನ ಸಿಗಬಹುದು, ಆದರೆ ಬೇಗ ಗುರುತಿಸಬೇಕು.

ಔಷಧಿಯ ವಿಷಯದಲ್ಲಿ ನನಗೊಂದು ತಕರಾರಿದೆ, ಅದನ್ನು ಮುಚ್ಚಿಡುವುದಿಲ್ಲ. ರಿಸ್ಪೆರಿಡೋನ್ ಎಂಬ ಔಷಧಿ ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕು, ಆಕ್ರೋಶ, ಸ್ವಹಿಂಸೆಗಳನ್ನು ತಗ್ಗಿಸುತ್ತದೆ. 101 ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2002ರಲ್ಲಿ ಬಂತು, 2006ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಐದರಿಂದ ಹದಿನಾರು ವರ್ಷದವರಿಗೆ ಅನುಮತಿ ಕೊಟ್ಟಿತು. ಮಗು ತನ್ನನ್ನೇ ರಕ್ತ ಬರುವಂತೆ ಗಾಯಮಾಡಿಕೊಳ್ಳುವ ಮನೆಯಲ್ಲಿ ಅದು ನಿಜವಾದ ಆಸರೆ, ಅದನ್ನು ಕೊಡಿಸಿದ ತಾಯಿತಂದೆಯರನ್ನು ಯಾರೂ ಹೀಗಳೆಯಬಾರದು. ಆದರೆ ಅದೇ ಪರೀಕ್ಷೆಯಲ್ಲಿ ಎಂಟೇ ವಾರಗಳಲ್ಲಿ ಔಷಧಿ ಪಡೆದ ಮಕ್ಕಳ ತೂಕ ಸರಾಸರಿ 2.7 ಕೆ.ಜಿ. ಏರಿತು, ಹುಸಿಗುಳಿಗೆ ಪಡೆದವರದು 0.8 ಕೆ.ಜಿ. ಅದು ಭಯಕ್ಕೂ ಮದ್ದಲ್ಲ, ಹಲ್ಲುನೋವಿಗೂ ಮದ್ದಲ್ಲ. ಸಿಡುಕಿಗೆ ಕಾರಣವೇನೆಂದು ಹುಡುಕದೆ ಮಗುವನ್ನು ಸುಮ್ಮನಾಗಿಸಿದರೆ, ಸುಮ್ಮನಾದ ಮಗುವಿನೊಳಗೆ ಆ ಕಾರಣ ಹಾಗೇ ಉಳಿಯುತ್ತದೆ. ಹಾಗೆಂದು ಇದನ್ನು ಓದಿ ಯಾರೂ ನಾಳೆಯಿಂದ ಮಾತ್ರೆ ನಿಲ್ಲಿಸಬೇಡಿ. ಏಕಾಏಕಿ ಬಿಡುವುದು ಅಪಾಯ, ವೈದ್ಯರ ಜೊತೆ ಕೂತು ತೀರ್ಮಾನಿಸಬೇಕಾದ ಮಾತದು.

ಆತಂಕಕ್ಕೆ ಮಾತಿನ ಚಿಕಿತ್ಸೆ ಈ ಮಕ್ಕಳಿಗೆ ಒಗ್ಗುವುದಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಅಮೆರಿಕದಲ್ಲಿ ಜೆಫ್ರಿ ವುಡ್ ಮತ್ತಿತರರು ಏಳರಿಂದ ಹದಿಮೂರು ವರ್ಷದ 167 ಮಕ್ಕಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಸುಳ್ಳುಮಾಡಿತು. ಅರಿವು-ವರ್ತನೆ ಚಿಕಿತ್ಸೆಯನ್ನು, ಅಂದರೆ ಸಿಬಿಟಿಯನ್ನು, ಮಾಮೂಲು ರೀತಿಯಲ್ಲಿ ಕೊಟ್ಟಾಗಲೂ ಉಪಯೋಗವಾಯಿತು. ಆಟಿಸಂಗೆ ಹೊಂದಿಸಿ ಕೊಟ್ಟಾಗ ಇನ್ನೂ ಹೆಚ್ಚು. ಹೊಂದಿಸುವುದೆಂದರೆ ಮಾತು ಕಡಿಮೆ, ಚಿತ್ರ ಹೆಚ್ಚು. ಮಗುವಿನ ಇಷ್ಟದ ವಿಷಯವನ್ನೇ ಪಾಠಕ್ಕೆ ಬಳಸುವುದು. ತಂದೆತಾಯಿಯನ್ನು ಜೊತೆಗೆ ಕೂರಿಸಿಕೊಳ್ಳುವುದು. ಭಯದ ಎದುರು ಒಂದೊಂದೇ ಮೆಟ್ಟಿಲು ಹತ್ತಿಸುವುದು. ಕುಕ್ಕರಿನ ಭಯವಿದ್ದರೆ ಮೊದಲು ಚಿತ್ರ, ಆಮೇಲೆ ಮೊಬೈಲಿನಲ್ಲಿ ಸಣ್ಣಗೆ ಸೀಟಿ, ಆಮೇಲೆ ಅಂಗಳದಲ್ಲಿ ನಿಂತು ಅಡುಗೆಮನೆಯ ಸದ್ದು, ಕೊನೆಗೆ ಅಮ್ಮನ ಪಕ್ಕ ನಿಂತು ‘ಈಗ ಬರುತ್ತೆ’ ಎಂದು ಮಗುವೇ ಎಣಿಸುವುದು. ನಮ್ಮಲ್ಲಿ ಇದನ್ನು ಕನ್ನಡದಲ್ಲಿ ಮಾಡಬಲ್ಲವರು ತೀರಾ ಕಡಿಮೆ. ಥೆರಪಿ ಕೇಂದ್ರದ ಗೋಡೆಯ ಮೇಲೆ ಹ್ಯಾಪಿ, ಸ್ಯಾಡ್, ಆಂಗ್ರಿ ಎಂಬ ಚೀಟಿಗಳು, ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಗಾಬರಿ, ದಿಗಿಲು, ಬೇಜಾರು. ಮಗು ಯಾವ ಭಾಷೆಯಲ್ಲಿ ಹೆದರುತ್ತದೋ ಆ ಭಾಷೆಯಲ್ಲೇ ಅದಕ್ಕೆ ಪಾಠ ಸಿಗಬೇಕು.

ಸೇವೆ ಹಂಚಿಹೋಗಿರುವ ರೀತಿಯಲ್ಲೂ ತೊಡಕಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಆಟಿಸಂ ಒಂದು, ಮಾನಸಿಕ ಕಾಯಿಲೆ ಇನ್ನೊಂದು. ಆಟಿಸಂ ಎಂದಾದ ಮೇಲೆ ಮಗು ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ, ವಿಶೇಷ ಶಾಲೆಗಳ ದಾರಿ ಹಿಡಿಯುತ್ತದೆ; ಮನೋವೈದ್ಯರ ಬಾಗಿಲು ಆ ದಾರಿಯಲ್ಲಿ ಬರುವುದೇ ಇಲ್ಲ. 2018ರಲ್ಲಿ ಪ್ರಕಟವಾದ, ದೇಶದ ಐದು ಕಡೆ ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನಡೆದ ಇನ್‌ಕ್ಲೆನ್ ಅಧ್ಯಯನ ಬೆಳವಣಿಗೆಯ ಒಂಬತ್ತು ತೊಂದರೆಗಳನ್ನು ಎಣಿಸಿತು. ಎಡಿಎಚ್‌ಡಿ, ಮೂರ್ಛೆ ಅದರಲ್ಲಿದ್ದವು. ಆತಂಕ, ಖಿನ್ನತೆ ಆ ಪಟ್ಟಿಯಲ್ಲಿರಲಿಲ್ಲ. ಅದು ಆ ಅಧ್ಯಯನದ ದೋಷವಲ್ಲ, ಅದರ ಉದ್ದೇಶವೇ ಬೇರೆ. ಆದರೆ ಎಣಿಸದೇ ಉಳಿದದ್ದಕ್ಕೆ ಯೋಜನೆಯೂ ಇರುವುದಿಲ್ಲ.

ಹೆತ್ತವರ ಮನಸ್ಸಿನಲ್ಲೂ ಒಂದು ಗೋಡೆಯಿದೆ. ‘ಆಟಿಸಂ ಮಾನಸಿಕ ಕಾಯಿಲೆಯಲ್ಲ’ ಎಂದು ಅವರಿಗೆ ಮೊದಲ ದಿನವೇ ಹೇಳಿರುತ್ತಾರೆ. ಅದು ಸತ್ಯ, ಅದನ್ನು ಹೇಳಲೇಬೇಕಿತ್ತು. ಆ ಮಾತು ಹಿಡಿದುಕೊಂಡೇ ಅವರು ಬಂಧುಬಳಗವನ್ನು ಎದುರಿಸಿದ್ದಾರೆ. ಹತ್ತು ವರ್ಷದ ನಂತರ ‘ನಿಮ್ಹಾನ್ಸ್‌ಗೆ ಒಮ್ಮೆ ತೋರಿಸಿ’ ಎಂದಾಗ ಅವರಿಗೆ ಹಳೆಯ ಹೆದರಿಕೆಯೆಲ್ಲ ಮರಳುತ್ತದೆ. ಆಟಿಸಂ ಮಾನಸಿಕ ಕಾಯಿಲೆಯಲ್ಲ, ಆದರೆ ಆಟಿಸಂ ಇರುವ ಮಗುವಿಗೂ ಮಾನಸಿಕ ಕಾಯಿಲೆ ಬರಬಹುದು, ಬೇರೆ ಯಾವುದೇ ಮಗುವಿಗೆ ಬರುವ ಹಾಗೆಯೇ, ಅದಕ್ಕಿಂತ ಹೆಚ್ಚಾಗಿಯೇ. ಈ ಎರಡನೆಯ ಮಾತನ್ನೂ ಮೊದಲ ದಿನವೇ ಹೇಳಿಬಿಟ್ಟರೆ ಎಷ್ಟೋ ಮನೆಗಳ ವರ್ಷಗಳು ಉಳಿಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವೇ ಇದೆ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಿದ್ದಾರೆ. ಆಶಾ ಕಾರ್ಯಕರ್ತೆಯನ್ನೋ ತಾಲ್ಲೂಕು ಆಸ್ಪತ್ರೆಯನ್ನೋ ಕೇಳಿದರೆ ಅವರು ಸಿಗುವ ದಿನ ತಿಳಿಯುತ್ತದೆ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಮಗು ವೈದ್ಯರ ಕೋಣೆಯಲ್ಲಿ ಇರುವುದು ಹತ್ತು ನಿಮಿಷ, ಅದೂ ಗಾಬರಿಯಲ್ಲಿ. ಎರಡು ವಾರದ ನಿದ್ದೆ, ಊಟ, ಮಲವಿಸರ್ಜನೆ, ಯಾವ ಹೊತ್ತಿಗೆ ಏನಾಯಿತು, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ನಡೆಯುವುದರ ಒಂದೆರಡು ವಿಡಿಯೊ ಮೊಬೈಲಿನಲ್ಲಿರಲಿ, ವೈದ್ಯರಿಗಲ್ಲದೆ ಬೇರೆ ಯಾರಿಗೂ ಕಳಿಸಬೇಡಿ. ಆರು ತಿಂಗಳ ಹಿಂದೆ ಇವನು ಹೇಗಿದ್ದ ಎಂಬುದನ್ನು ಮೊದಲು ಹೇಳಿ. ಹಲ್ಲು, ಕಿವಿ, ಹೊಟ್ಟೆ ಪರೀಕ್ಷಿಸಲು ಕೇಳಿ. ‘ಆಟಿಸಂ ಬಿಟ್ಟು ಬೇರೆ ಏನೇನು ಇರಬಹುದು ಅಂತ ನೋಡಿದಿರಿ ಡಾಕ್ಟ್ರೇ?’ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಆ ಪ್ರಶ್ನೆಗೆ ಬೇಸರಿಸುವುದಿಲ್ಲ. ಮಾತ್ರೆ ಬರೆದುಕೊಟ್ಟರೆ ಅದು ಯಾವ ತೊಂದರೆಗೆ, ಕೆಲಸ ಮಾಡುತ್ತಿದೆ ಎಂದು ಹೇಗೆ ತಿಳಿಯುವುದು, ತೂಕ ಮತ್ತು ರಕ್ತ ಪರೀಕ್ಷೆ ಯಾವಾಗ, ಯಾವ ತಿಂಗಳಲ್ಲಿ ಮತ್ತೆ ನೋಡಿ ಕಡಿಮೆ ಮಾಡುವ ಯೋಚನೆ ಎಂಬುದನ್ನು ಅದೇ ನೋಟ್‌ಬುಕ್‌ನಲ್ಲಿ ಬರೆಸಿಕೊಂಡು ಬನ್ನಿ.